ಗುಂಡುತೋಪು ಮತ್ತು ಹಳೇ ಮರಗಳು: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಚಿಕ್ಕಬಳ್ಳಾಪುರ ಜಿಲ್ಲೆ ಚಿಂತಾಮಣಿ ತಾಲೂಕಿನ ಒಂದು ಹಳ್ಳಿಯವರು. ಏಳೆಂಟು ಜನ ಸೇರಿ ನಮ್ಮೂರ ಗುಂಡುತೋಪನ್ನು ನೋಡಿಕೊಳ್ಳುತ್ತಿದ್ದೇವೆ. ಅಕ್ಕಪಕ್ಕದ ಊರುಗಳಿಂದ, ಕೋಲಾರ, ತುಮಕೂರು ಕಡೆಯಿಂದಲೂ ಜನ ಫೋನ್ ಮಾಡಿ ಕೇಳುತ್ತಾರೆ. ಹೆಚ್ಚುಕಮ್ಮಿ ಎಲ್ಲರದ್ದೂ ಅವೇ ಪ್ರಶ್ನೆಗಳು. ಒಂದು ಕಡೆ ಬರೆದಿಟ್ಟರೆ ಅನುಕೂಲ ಆಗುತ್ತೆ ಅಂತ ಇಲ್ಲಿ ಬರೆದಿದ್ದೇವೆ.

ಗುಂಡುತೋಪು ಅಂದರೆ ಏನು?

ಊರಿಗೆ ಸೇರಿದ ಮರಗಳ ತೋಪು. ಊರ ಬಾಗಿಲಲ್ಲೋ, ಕೆರೆ ಏರಿ ಕೆಳಗೋ, ಸಂತೆಗೆ ಹೋಗುವ ದಾರಿ ಪಕ್ಕದಲ್ಲೋ ಎರಡು ಎಕರೆ, ಮೂರು ಎಕರೆ ಜಾಗ. ಅದರಲ್ಲಿ ಹುಣಸೆ, ಮಾವು, ನೇರಳೆ, ಹಲಸು, ಹೊಂಗೆ, ಇಪ್ಪೆ, ಆಲ, ಅತ್ತಿ, ಅರಳಿ. ಬಾಗೇಪಲ್ಲಿ, ಶ್ರೀನಿವಾಸಪುರ ಕಡೆ ಮನೆಯಲ್ಲಿ ತೆಲುಗು ಆಡುವವರು ಚಿಂತತೋಪು, ಮಾಮಿಡಿ ತೋಪು ಅನ್ನುತ್ತಾರೆ. ಎರಡೂ ಭಾಷೆಯಲ್ಲಿ ತೋಪು ತೋಪೇ.

ಇದು ಯಾರೋ ಒಬ್ಬರು ಲಾಭಕ್ಕೆ ಬೆಳೆಸಿದ ತೋಟ ಅಲ್ಲ. ದನ ಕಾಯುವವರು ಮಧ್ಯಾಹ್ನ ದನ ನಿಲ್ಲಿಸೋಕೆ, ಗಾಡಿಯವರು ಎತ್ತು ಬಿಚ್ಚೋಕೆ, ನಡೆದು ಹೋಗುವವರು ಬುತ್ತಿ ಬಿಚ್ಚೋಕೆ ಅಂತ ಹಿರಿಯರು ನೆಟ್ಟು ಬಿಟ್ಟ ನೆರಳು. ನಮ್ಮ ತೋಪಿನ ಬದಿಯಲ್ಲಿ ಈಗಲೂ ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟ ಒಂದು ಚಪ್ಪಡಿ ಇದೆ. ಎದೆಮಟ್ಟಕ್ಕೆ ಬರುತ್ತೆ. ತಲೆ ಮೇಲಿನ ಹೊರೆಯನ್ನು ಯಾರ ಸಹಾಯವೂ ಇಲ್ಲದೆ ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆ ಕೊಟ್ಟು ಎತ್ತಿಕೊಂಡು ಹೋಗಬಹುದು. ಚಪ್ಪಡಿಯ ನಡುಭಾಗ ಹೊರೆ ಉಜ್ಜಿ ಉಜ್ಜಿ ನುಣ್ಣಗಾಗಿದೆ. ಎಷ್ಟು ಜನರ ಸೌದೆ, ಹುಲ್ಲು, ರಾಗಿ ಮೂಟೆ ಅಲ್ಲಿ ಇಳಿದಿರಬೇಕು!

ತೋಪು ಕಾಡಿಗೆ ಸೇರಿದ್ದಾ? ಅರಣ್ಯ ಇಲಾಖೆಯದ್ದಾ?

ಸಾಮಾನ್ಯವಾಗಿ ಅಲ್ಲ. ಕಂದಾಯ ದಾಖಲೆಯಲ್ಲಿ ಸರ್ಕಾರಿ ಜಮೀನು ಅಂತ ಇರುತ್ತೆ. ನೋಡಿಕೊಳ್ಳೋದು ಗ್ರಾಮ ಪಂಚಾಯಿತಿ. ಮರ ಕಡಿಯೋ ವಿಷಯ ಬಂದಾಗ ಮಾತ್ರ ಅರಣ್ಯ ಇಲಾಖೆ ಬರುತ್ತೆ. ಮೂರು ಕಡೆಯವರು ಇದ್ದಾರೆ ಅಂದಾಗ ಏನಾಗುತ್ತೆ ಗೊತ್ತಲ್ವಾ? ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಆದ್ದರಿಂದ ಅರ್ಜಿ ಕೊಡುವಾಗ ಮೂವರಿಗೂ ಒಂದೊಂದು ಪ್ರತಿ ಕೊಡಿ.

ನಮ್ಮೂರಲ್ಲಿ ತೋಪು ಇದೆಯೋ ಇಲ್ಲವೋ ಗೊತ್ತಾಗೋದು ಹೇಗೆ?

ಮೊದಲು ಊರಿನ ಎಂಬತ್ತು ದಾಟಿದ ಅಜ್ಜಿಯನ್ನೋ ತಾತನನ್ನೋ ಕೇಳಿ. ಆಮೇಲೆ ದಾಖಲೆ ನೋಡಿ. ಗ್ರಾಮ ನಕಾಶೆ ತೆಗೆಸಿ. ಗುಂಡುತೋಪು ಇರುವ ಸರ್ವೆ ನಂಬರ್ ಸಿಕ್ಕರೆ ಪಹಣಿ ತೆಗೆದು ನೋಡಿ, ಅದರಲ್ಲಿ ಗುಂಡುತೋಪು ಅಂತಲೇ ಬರೆದಿರುತ್ತೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲೇ ನಿಂತರೂ ನೀವು ಯಾವ ಸರ್ವೆ ನಂಬರಿನಲ್ಲಿ ಇದ್ದೀರಿ ಅಂತ ತೋರಿಸುತ್ತೆ.

ಎರಡು ಥರ ಆಶ್ಚರ್ಯ ಆಗುತ್ತೆ. ಕೆಲವು ಊರಲ್ಲಿ ಪಹಣಿಯಲ್ಲಿ ಮೂರು ಎಕರೆ ಗುಂಡುತೋಪು, ಹೋಗಿ ನೋಡಿದರೆ ಒಂದೇ ಒಂದು ಮರ ಇಲ್ಲ. ಬಳ್ಳಾರಿ ಜಾಲಿ, ಇಲ್ಲ ಯಾರದ್ದೋ ಟೊಮೆಟೊ ಬೆಳೆ. ಇನ್ನು ಕೆಲವು ಊರಲ್ಲಿ ಮರಗಳು ಇವೆ, ದಾಖಲೆಯಲ್ಲಿ ಬರೀ ಖರಾಬು ಅಂತ ಇದೆ. ಖರಾಬು ಅಂದರೆ ಬೇಸಾಯಕ್ಕೆ ಬಾರದ್ದು ಅಂತ ಅಷ್ಟೇ. ಪ್ರಯೋಜನಕ್ಕೆ ಬಾರದ್ದು ಅಂತ ಅಲ್ಲ. ಈ ಒಂದು ಪದದಿಂದ ತುಂಬಾ ಜಾಗ ಕಳೆದುಹೋಗಿದೆ.

ತೋಪಿನ ಅಳತೆ ಮಾಡಿಸಲೇಬೇಕಾ?

ಹೌದು. ಬೇರೆ ಎಲ್ಲಕ್ಕಿಂತ ಮೊದಲು ಅದೇ. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸೋಕೆ, ಪಂಚಾಯಿತಿಯಿಂದಲೇ ಅರ್ಜಿ ಹಾಕಿಸಿ. ಸರ್ವೇಯರ್ ಬಂದು ಗಡಿ ಗುರುತಿಸಿದ ದಿನವೇ ಕಲ್ಲು ನೆಡಿ. ನಾವು ಅವತ್ತು ಕಲ್ಲು ತಂದಿಟ್ಟುಕೊಂಡಿರಲಿಲ್ಲ, ಸುಣ್ಣದ ಗೆರೆ ಹಾಕಿ ಬಂದೆವು. ಎರಡು ಮಳೆಗೆ ಗೆರೆ ಹೋಯಿತು. ಮತ್ತೆ ಅರ್ಜಿ, ಮತ್ತೆ ಕಾಯೋದು, ಒಂದೂವರೆ ವರ್ಷ.

ಒಂದು ಹಳೇ ಮರ ಕಡಿದು ಅದರ ಬದಲು ಹತ್ತು ಸಸಿ ನೆಟ್ಟರೆ ಸರಿಹೋಗಲ್ವಾ?

ಈ ಪ್ರಶ್ನೆಯನ್ನೇ ಜನ ಜಾಸ್ತಿ ಕೇಳೋದು. ಸರಿಹೋಗಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಮ್ಮ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಮಳೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು, ಅದೂ ಕೈಕೊಡುವ ವರ್ಷಗಳೇ ಹೆಚ್ಚು. ಇಂಥ ನೆಲದಲ್ಲಿ ನೂರು ವರ್ಷ ದಾಟಿದ ಹುಣಸೆ ಮರ ಎಷ್ಟು ಬರಗಾಲ ನುಂಗಿ ನಿಂತಿರುತ್ತೆ ಯೋಚನೆ ಮಾಡಿ. ಬೀಜದಿಂದ ಬೆಳೆದ ಹುಣಸೆ ಕಾಯಿ ಬಿಡೋಕೇ ಎಂಟು, ಹತ್ತು ವರ್ಷ ಬೇಕು. ನಾಲ್ಕು ಜನ ಕೈ ಹಿಡಿದು ತಬ್ಬುವಷ್ಟು ಆಗೋಕೆ ನಮ್ಮ ಆಯಸ್ಸು ಸಾಲದು. ಹತ್ತು ಸಸಿ ನೆಟ್ಟರೆ ಹತ್ತು ಸಸಿ ಆಗುತ್ತೆ, ಅದೂ ಮೇಕೆ ಬಿಟ್ಟರೆ.

ಇನ್ನೊಂದು ವಿಷಯ. ಹಳೇ ಮರದಲ್ಲಿ ಇರುವುದು ಎಳೇ ಮರದಲ್ಲಿ ಇರೋದೇ ಇಲ್ಲ. ಪೊಟರೆ ತಗೊಳ್ಳಿ. ಕೊಂಬೆ ಮುರಿದ ಜಾಗ ನಿಧಾನಕ್ಕೆ ಕೊಳೆತು, ಟೊಳ್ಳಾಗಿ, ಪೊಟರೆ ಆಗೋಕೆ ಹತ್ತಾರು ವರ್ಷ ಹಿಡಿಯುತ್ತೆ. ಗಿಳಿ, ಮೈನಾ, ಗೂಬೆ ಎಲ್ಲ ಗೂಡು ಕಟ್ಟಲ್ಲ, ಪೊಟರೆ ಹುಡುಕುತ್ತವೆ. ನಮ್ಮ ತೋಪಿನ ದೊಡ್ಡ ಹುಣಸೆಯಲ್ಲಿ ಆಳೆತ್ತರದಲ್ಲಿ ಒಂದು ಪೊಟರೆ ಇದೆ. ಬಾಯಿ ತೆಂಗಿನಕಾಯಿ ಗಾತ್ರ, ಅಂಚು ದಪ್ಪ ತುಟಿಯಂತೆ ಸುತ್ತಿಕೊಂಡಿದೆ. ಸಂಜೆ ಆರೂವರೆಗೆ ಸುಮ್ನೆ ಹೋಗಿ ಎದುರಿಗೆ ಕೂತರೆ ಮೊದಲು ಒಂದು ಹಳದಿ ಕಣ್ಣು, ಆಮೇಲೆ ಪುಟ್ಟ ದುಂಡು ತಲೆ. ಹಾಲಕ್ಕಿ, ಅಂದರೆ ಪುಟ್ಟ ಗೂಬೆ. ತಲೆಯನ್ನು ಮೇಲೆ ಕೆಳಗೆ ಆಡಿಸಿ ನಮ್ಮನ್ನು ಅಳೆದು ನೋಡುತ್ತೆ. ನಂತರ ಎರಡನೆಯದು ಬಂದು ಪಕ್ಕದಲ್ಲಿ ಒತ್ತಿಕೊಂಡು ಕೂರುತ್ತೆ. ಈ ಜೋಡಿ ರಾತ್ರಿಯೆಲ್ಲ ಇಲಿ, ಜೀರುಂಡೆ ಹಿಡಿಯೋದು ಪಕ್ಕದ ರಾಗಿ ಹೊಲದಲ್ಲೇ.

ಮೂರನೆಯದು ತಳಿ. ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ ಚೇಳೂರು ಕಡೆಯ ಒಂದು ಮನೆಯವರ ಹಲಸಿನ ಮರದಿಂದಲೇ ಸಿದ್ದು ಹಲಸು ಬಂದಿದ್ದು. ತಾಮ್ರಗೆಂಪು ತೊಳೆ. ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಗುರುತಿಸಿ ಕಸಿ ಮಾಡಿದರು. ಇವತ್ತು ಬೇರೆ ರಾಜ್ಯದವರೂ ಆ ಗಿಡ ಕೇಳುತ್ತಾರೆ. ಆ ಮನೆಯವರು ಮರವನ್ನು ಹಲಗೆಗೆ ಮಾರಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತೋಪಿನಲ್ಲಿರುವ ಹುಣಸೆ, ಮಾವು, ನೇರಳೆ ಎಲ್ಲ ಬೀಜದಿಂದ ಬಂದವು, ಒಂದರಂತೆ ಒಂದಿಲ್ಲ. ನಮ್ಮಲ್ಲಿ ಒಂದು ಹುಣಸೆಯ ಕಾಯಿ ಹಸಿಯಲ್ಲೇ ಸಿಹಿಹುಳಿ. ಮಕ್ಕಳಿಗೆಲ್ಲ ಆ ಮರ ಗೊತ್ತು. ಅದರ ಬುಡದಲ್ಲಿ ಯಾವಾಗಲೂ ಕಲ್ಲು ಬಿದ್ದಿರುತ್ತವೆ.

ಮುದಿ ಮರದಿಂದ ಏನು ಆದಾಯ?

‘ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ?’ ಅಂತ ಗಾದೆಯೇ ಇದೆ. ಒಂದು ವರ್ಷ ಜಾಸ್ತಿ, ಮರುವರ್ಷ ಕಮ್ಮಿ, ಆದರೆ ಕಾಯಿ ಬಿಡೋದು ನಿಲ್ಲಿಸಲ್ಲ. ಶಿವರಾತ್ರಿ ಹೊತ್ತಿಗೆ ಪಂಚಾಯಿತಿ ಹರಾಜು ಹಾಕುತ್ತೆ. ಆ ಹಣ ಪಂಚಾಯಿತಿಗೆ. ಉದುರಿಸಿ, ಕುಟ್ಟಿ, ಬೀಜ ಬಿಡಿಸುವ ಕೆಲಸ ಊರ ಹೆಂಗಸರಿಗೆ, ಬೇರೆ ಕೂಲಿ ಇಲ್ಲದ ಬೇಸಿಗೆಯಲ್ಲಿ. ಚಿಗುರು ಬಂದಾಗ ಸಾರಿಗೆ, ಚಟ್ನಿಗೆ ಕಿತ್ತುಕೊಂಡು ಹೋಗೋದಕ್ಕೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಮಕ್ಕಳ ಚಿಗಳಿಗೆ ಲೆಕ್ಕವೇ ಇಲ್ಲ.

ಹರಾಜಿನಲ್ಲಿ ಒಂದು ಷರತ್ತು ಬರೆಸಿ. ಗಳದಿಂದ ಕೊಂಬೆ ಮುರಿಯುವ ಹಾಗೆ ಬಡಿಯಬಾರದು, ಹತ್ತಿ ಕುಲುಕಿ ಉದುರಿಸಬೇಕು. ಹಿಡಿದವರು ಅವಸರದಲ್ಲಿ ಬಡಿದರೆ ಮುಂದಿನ ವರ್ಷದ ರೆಂಬೆಯೂ ಹೋಗುತ್ತೆ. ನಾವು ಈ ಷರತ್ತು ಬರೆಸೋಕೆ ಎರಡು ಗ್ರಾಮಸಭೆ ಕೂರಬೇಕಾಯಿತು. ಬರೆಸಿದ ಮೇಲೆ ಮುರಿದ ಕೊಂಬೆಗಳು ನಿಜವಾಗಿಯೂ ಕಡಿಮೆಯಾದವು.

ತೋಪಿನಲ್ಲಿ ಎಂಥ ಪ್ರಾಣಿ, ಪಕ್ಷಿ ಇರುತ್ತವೆ? ಹುಲಿ ಚಿರತೆ ಇಲ್ಲವಲ್ಲ?

ಇಲ್ಲ. ಆದರೆ ಇರೋದು ಕಮ್ಮಿ ಏನಲ್ಲ.

ಶಿರಾ ತಾಲೂಕಿನ ಕಗ್ಗಲಡುಗೆ ಒಮ್ಮೆ ಹೋಗಿ ಬನ್ನಿ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಬೂದು ಬಕಗಳೂ ಇರುತ್ತವೆ. ಮನೆ ಮೇಲೆ ಹಿಕ್ಕೆ, ಮೀನಿನ ವಾಸನೆ, ರಾತ್ರಿಯೆಲ್ಲ ಮರಿಗಳ ಗಲಾಟೆ. ಇಷ್ಟಿದ್ದರೂ ಊರವರು ಅವುಗಳನ್ನು ಕಾಯುತ್ತಾರೆ, ಕಲ್ಲು ಹೊಡೆಯೋಕೆ ಬಿಡಲ್ಲ. ಕೊಕ್ಕರೆಗೆ ಎತ್ತರದ, ಗಟ್ಟಿ ಕೊಂಬೆಯ, ಅಗಲ ತಲೆಯ ಮರ ಬೇಕು. ಎಳೇ ಮರದಲ್ಲಿ ಅಷ್ಟು ಭಾರದ ಹಕ್ಕಿಗಳು ಸಂಸಾರ ಹೂಡೋಕೆ ಆಗಲ್ಲ.

ಇನ್ನು ಕಾಡುಪಾಪ. ತುಮಕೂರು ತಾಲೂಕಿನ ನಾಗವಲ್ಲಿ ಸುತ್ತಮುತ್ತ ಇದಕ್ಕೆ ಹೆಸರುವಾಸಿ. ಅಂಗೈಗಿಂತ ಸ್ವಲ್ಪ ದೊಡ್ಡ ದೇಹ, ಕಡ್ಡಿಯಂಥ ಕೈಕಾಲು, ಮುಖದ ತುಂಬಾ ಕಣ್ಣು. ರಾತ್ರಿ ಹುಳ ಹಿಡಿದು ತಿನ್ನುತ್ತೆ. ನೆಲಕ್ಕೆ ಇಳಿಯೋದು ಅದಕ್ಕೆ ಕಷ್ಟ. ಒಂದು ಮರದ ರೆಂಬೆ ಇನ್ನೊಂದಕ್ಕೆ ತಾಗುತ್ತಿರಬೇಕು, ಆಗಲೇ ಓಡಾಟ. ತೋಪಿನ ನಡುವೆ ಅಗಲ ರಸ್ತೆ ಹೊಡೆದರೆ ನಮಗೆ ಇಪ್ಪತ್ತು ಮರ ಹೋದಂತೆ ಕಾಣಬಹುದು, ಕಾಡುಪಾಪಕ್ಕೆ ಊರೇ ಎರಡು ಹೋಳಾದಂತೆ. ಮಾಟಮಂತ್ರಕ್ಕೆ ಅಂತ ಇದನ್ನು ಹಿಡಿಯುವವರೂ ಇದ್ದಾರೆ. ಕಾನೂನಿನಲ್ಲಿ ಅದು ದೊಡ್ಡ ಅಪರಾಧ. ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ಆಲ, ಅತ್ತಿ, ಬಸರಿ, ಗೋಣಿ ಮರಗಳಿಗೆ ಒಂದು ವಿಶೇಷ ಇದೆ. ಇವುಗಳ ಹೂವು ಹಣ್ಣಿನೊಳಗೇ ಇರುತ್ತೆ. ಅದಕ್ಕೆ ಪರಾಗ ಮುಟ್ಟಿಸೋದು ಸೊಳ್ಳೆಗಿಂತ ಚಿಕ್ಕ ಕಣಜ, ಹೆಚ್ಚುಕಮ್ಮಿ ಒಂದೊಂದು ಜಾತಿ ಮರಕ್ಕೂ ಅದರದ್ದೇ ಕಣಜ. ಆ ಕಣಜದ ಸಂತಾನ ನಡೆಯಬೇಕು ಅಂದರೆ ಸುತ್ತಮುತ್ತ ಯಾವುದಾದರೂ ಒಂದು ಮರ ಕಾಯಿ ಬಿಡುತ್ತಲೇ ಇರಬೇಕು. ಅದಕ್ಕೇ ಬೇರೆಲ್ಲ ಮರ ಬರಿದಾದ ಕಾಲದಲ್ಲೂ ಎಲ್ಲೋ ಒಂದು ಆಲದಲ್ಲಿ ಹಣ್ಣು ಇರುತ್ತೆ, ಕುಟ್ರು ಹಕ್ಕಿ, ಕೋಗಿಲೆ, ಅಳಿಲು ಎಲ್ಲ ಅಲ್ಲೇ ನೆರೆದಿರುತ್ತವೆ.

ಬಾವಲಿಗಳನ್ನು ಓಡಿಸಬೇಕಾ? ರೋಗ ಬರುತ್ತಲ್ಲ?

ಓಡಿಸಬೇಡಿ. ಪಟಾಕಿ ಹೊಡೆದು ಕೆಣಕಿದರೆ ಅವು ಊರೆಲ್ಲ ಚೆದುರುತ್ತವೆ. ಬಾವಲಿ ಕಚ್ಚಿ ಬೀಳಿಸಿದ ಹಣ್ಣು ತಿನ್ನಬೇಡಿ, ಮಕ್ಕಳಿಗೂ ಹೇಳಿ. ಇಪ್ಪೆ ಹೂವು ರಾತ್ರಿ ಅರಳಿ ಬೆಳಗಿನ ಜಾವ ಉದುರುತ್ತೆ. ಆ ಕತ್ತಲಲ್ಲಿ ಹೂವಿಗೆ ಬರೋದು ಬಾವಲಿಗಳೇ. ಅವು ಇಲ್ಲದಿದ್ದರೆ ಇಪ್ಪೆಗೆ ಕಾಯಿ ಕಚ್ಚೋದು ಕಷ್ಟ. ಹಿಂದೆ ಕಾನೂನು ಇವುಗಳನ್ನು ಇಲಿ, ಕಾಗೆ ಜೊತೆ ಪೀಡೆ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು.

ಹುಣಸೆ ಮರದಲ್ಲಿ ದೆವ್ವ ಇರುತ್ತೆ, ತೋಪಿಗೆ ಹೋಗಬೇಡಿ ಅಂತ ಹಿರಿಯರು ಹೇಳುತ್ತಾರಲ್ಲ?

ನಮ್ಮ ಅಜ್ಜಿಯೂ ಹೇಳುತ್ತಿದ್ದರು. ‘ಹೊತ್ತು ಮುಳುಗಿದ ಮೇಲೆ ಆ ಕಡೆ ತಲೆ ಹಾಕಿ ಮಲಗಬೇಡ ಮಗಾ’ ಅನ್ನೋರು. ಆ ಭಯವೇ ಎಷ್ಟೋ ಮರಗಳನ್ನು ಕೊಡಲಿಯಿಂದ ಕಾಪಾಡಿದೆ. ಅದನ್ನು ಹಗುರವಾಗಿ ಕಾಣಬೇಡಿ. ಮುನೇಶ್ವರನ ಕಲ್ಲು ಇರುವ ಮರಕ್ಕೆ ಕೊಡಲಿ ಹಾಕೋಕೆ ನಮ್ಮ ಕಡೆ ಇವತ್ತಿಗೂ ಯಾರೂ ಕೂಲಿಗೆ ಬರಲ್ಲ.

ತೋಪಿನ ಜೊತೆ ನಮ್ಮ ಬದುಕು ಎಷ್ಟು ಬೆಸೆದಿದೆ ಅಂತ ನೋಡಿ. ಅರಳಿ, ಬೇವು ಜೊತೆಯಲ್ಲಿ ನೆಟ್ಟು ಮದುವೆ ಮಾಡಿಸುತ್ತೇವೆ. ಕಟ್ಟೆ ಮೇಲೆ ನಾಗರಕಲ್ಲು ನಿಲ್ಲಿಸುತ್ತೇವೆ. ಹೊರಬೀಡಿನ ದಿನ ಊರಿಗೆ ಊರೇ ಮನೆಗೆ ಬೀಗ ಹಾಕಿ, ಕೋಳಿ ಕುರಿ ಸಮೇತ ಹೊರಗೆ ಬಂದು, ಮರದ ಕೆಳಗೆ ಒಲೆ ಹೂಡಿ, ಸಂಜೆ ಮೇಲೆ ಮನೆಗೆ ಹೋಗೋದು. ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟು ತೋಪಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು ಅಂತ ಹಳಬರು ಹೇಳುತ್ತಾರೆ. ಶಿವರಾತ್ರಿಗೆ ನಂದಿ ಜಾತ್ರೆ, ಮುಳಬಾಗಿಲು ಕಡೆ ಆವಣಿ ಜಾತ್ರೆ, ತುಮಕೂರಲ್ಲಿ ಸಿದ್ಧಗಂಗೆ ದನದ ಜಾತ್ರೆ. ಎತ್ತು ಹೊಡೆದುಕೊಂಡು ಹೋಗುವವರಿಗೆ ದಾರಿಯುದ್ದಕ್ಕೂ ತೋಪುಗಳೇ ತಂಗುದಾಣ. ನಮ್ಮ ತಾತ ಆವಣಿಗೆ ಹೋಗುವಾಗ ಎಲ್ಲೆಲ್ಲಿ ಎತ್ತು ಬಿಚ್ಚುತ್ತಿದ್ದರು ಅಂತ ಹೇಳುವಾಗ ಊರಿನ ಹೆಸರು ಹೇಳುತ್ತಿರಲಿಲ್ಲ, ತೋಪಿನ ಹೆಸರು ಹೇಳುತ್ತಿದ್ದರು.

ಯೂ ಮರದ ಕಾಡುಗಳ ಬಗ್ಗೆ ಓದಿದೆ. ನಮ್ಮ ಹುಣಸೆ ತೋಪಿಗೂ ಅದಕ್ಕೂ ಏನಾದರೂ ಸಂಬಂಧ ಇದೆಯಾ?

ಮರದ ಜಾತಿಯಲ್ಲಿ ಸಂಬಂಧ ಇಲ್ಲ. ಕಥೆಯಲ್ಲಿ ಇದೆ. ಕಾಲೇಜು ಓದುವ ಒಬ್ಬ ಹುಡುಗಿ ಇದನ್ನು ಕೇಳಿದಾಗ ನಮಗೂ ಖುಷಿಯಾಯಿತು.

ಯೂ ತಂಪು ಪ್ರದೇಶದ, ಸದಾ ಹಸಿರಾಗಿರುವ ಸೂಜಿ ಎಲೆಯ ಮರ. ಯುರೋಪಿನಲ್ಲಿದೆ, ನಮ್ಮ ಹಿಮಾಲಯದಲ್ಲೂ ಅದರ ಬಂಧು ಇದೆ. ಉತ್ತರಾಖಂಡದವರು ಥುನೇರ್ ಅನ್ನುತ್ತಾರೆ. ಕರ್ನಾಟಕದ ಕಾಡುಗಳಲ್ಲಿ ಇಲ್ಲ. ತುಂಬಾ ನಿಧಾನ ಬೆಳೆಯುತ್ತೆ, ತುಂಬಾ ಕಾಲ ಬದುಕುತ್ತೆ. ಸ್ಕಾಟ್ಲೆಂಡಿನ ಫಾರ್ಟಿಂಗಲ್ ಊರಿನ ಚರ್ಚ್ ಅಂಗಳದಲ್ಲಿರುವ ಯೂ ಮರಕ್ಕೆ ಎರಡು ಸಾವಿರ ವರ್ಷಕ್ಕೂ ಮೇಲೆ ಅಂತ ಅಂದಾಜು ಮಾಡುತ್ತಾರೆ. ಎಲೆ, ತೊಗಟೆ, ಬೀಜ ಎಲ್ಲ ವಿಷ. ಬೀಜದ ಸುತ್ತ ಇರುವ ಕೆಂಪು ತಿರುಳು ಮಾತ್ರ ವಿಷವಲ್ಲ, ಹಕ್ಕಿಗಳು ಅದನ್ನೇ ತಿಂದು ಬೀಜ ಹರಡುತ್ತವೆ.

ಈ ಮರಕ್ಕೆ ಎರಡು ಸಲ ಆಪತ್ತು ಬಂತು. ಮೊದಲನೆಯದು ಬಿಲ್ಲಿನಿಂದ. ಇಂಗ್ಲೆಂಡಿನ ಉದ್ದ ಬಿಲ್ಲುಗಳಿಗೆ ಯೂ ಕಟ್ಟಿಗೆಯೇ ಬೇಕಿತ್ತು. ಯುರೋಪಿನ ಕಾಡುಗಳಿಂದ ಶತಮಾನಗಟ್ಟಲೆ ಕಡಿದು ತರಿಸಿಕೊಂಡರು. ಎರಡನೆಯದು ಔಷಧಿಯಿಂದ. ಅಮೆರಿಕದ ಪಶ್ಚಿಮ ಕರಾವಳಿಯ ಯೂ ತೊಗಟೆಯಲ್ಲಿ ಟ್ಯಾಕ್ಸಾಲ್ ಎಂಬ ಅಂಶ ಇದೆ ಅಂತ 1971ರಲ್ಲಿ ಪ್ರಕಟವಾಯಿತು. 1992ರಲ್ಲಿ ಅದು ಅಲ್ಲಿ ಅಂಡಾಶಯದ ಕ್ಯಾನ್ಸರಿಗೆ ಔಷಧಿ ಅಂತ ಒಪ್ಪಿಗೆ ಪಡೆಯಿತು. ತೊಗಟೆ ಸುಲಿದರೆ ಮರ ಸಾಯುತ್ತೆ. ಹಿಮಾಲಯದಲ್ಲೂ ಎಲೆ, ತೊಗಟೆ ಲೂಟಿ ಆಯಿತು. 1995ರಿಂದ ಹಿಮಾಲಯದ ಯೂ ಮೇಲೆ ಅಂತರರಾಷ್ಟ್ರೀಯ ವ್ಯಾಪಾರದ ಕಡಿವಾಣ ಇದೆ. ಆಮೇಲೆ ಎಲೆಯಿಂದ, ಸಸ್ಯಕೋಶಗಳಿಂದ ಔಷಧಿ ತಯಾರಿಸುವ ದಾರಿ ಸಿಕ್ಕಿತು. ಎಷ್ಟೋ ಜನರ ಜೀವ ಉಳಿಸಿದ್ದು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಒಂದು ಮರದ ತೊಗಟೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು. ಕಾಡಿನ ದೊಡ್ಡ ಯೂ ಮರಗಳು ಬಿಲ್ಲಿಗೆ ಹೋದರೂ ಚರ್ಚ್ ಅಂಗಳದವು ಎಷ್ಟೋ ಉಳಿದುಕೊಂಡವು. ನಮ್ಮಲ್ಲೂ ಕಾಡುಮರ ಹೋಗಿ ಮುನೇಶ್ವರನ ಮರ ಉಳಿದಿದೆ. ಯೂ ಕಾಡುಗಳಲ್ಲಿ ಮುದಿ ಮರ ಇದ್ದರೂ ಜಿಂಕೆ ತಿಂದು ಎಳೇ ಸಸಿ ಮೇಲೇಳುತ್ತಿಲ್ಲ ಅನ್ನೋದು ಅಲ್ಲಿನವರ ಚಿಂತೆ. ನಮ್ಮ ತೋಪಿಗೂ ಅದೇ ಕಾಯಿಲೆ. ಎಲ್ಲ ಅಜ್ಜಂದಿರು, ಮೊಮ್ಮಕ್ಕಳೇ ಇಲ್ಲ. ಇಲ್ಲಿ ಜಿಂಕೆ ಬದಲು ಮೇಕೆ.

ಸರ್ಕಾರ ಹಳೇ ತೋಪನ್ನು ಗುರುತಿಸಿ ಕಾಪಾಡಿದ ಉದಾಹರಣೆ ಇದೆಯಾ?

ಇದೆ, ಪಕ್ಕದಲ್ಲೇ. ದೇವನಹಳ್ಳಿ ತಾಲೂಕಿನ ನಲ್ಲೂರು ಹುಣಸೆ ತೋಪು. 54 ಎಕರೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಇಡೀ ದೇಶದಲ್ಲೇ ಮೊದಲನೆಯದು. ಚೋಳರ ಕಾಲದ ಮರಗಳು ಅಂತ ಊರಿನವರು ಹೇಳುತ್ತಾರೆ. ಒಂದೊಂದು ಮರ ಮುದಿಯಾಗಿ ಸೀಳಿ, ಮಲಗಿ, ಮಲಗಿದಲ್ಲಿಂದಲೇ ಮತ್ತೆ ಎದ್ದು ನಿಂತಿದೆ. ಚಿಕ್ಕಬಳ್ಳಾಪುರದಿಂದ ಬೈಕಿನಲ್ಲೇ ಹೋಗಿ ಬರಬಹುದು.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲೆ ಪುಸ್ತಕವೂ ಇರಬೇಕು. ಪಂಚಾಯಿತಿಗೆ ಹೋಗಿ ಆ ಪುಸ್ತಕ ಕೇಳಿ. ತೋಪಿನ ಮರಗಳು ಅದರಲ್ಲಿ ಇಲ್ಲದಿದ್ದರೆ ಸೇರಿಸೋಕೆ ಹೇಳಿ.

ನೀಲಗಿರಿ ತೋಪು ಕೂಡ ತೋಪೇ ಅಲ್ವಾ?

ಮಾತಿಗೆ ಹಾಗೆ ಅನ್ನುತ್ತೇವೆ, ಅಷ್ಟೇ. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ಮೊದಲು ನೆಟ್ಟರು ಅಂತ ಹೇಳುತ್ತಾರೆ. ಅಲ್ಲಿಂದ ಚಿಕ್ಕಬಳ್ಳಾಪುರ, ಕೋಲಾರ ಎರಡೂ ಜಿಲ್ಲೆಯ ಹೊಲ, ಗೋಮಾಳ ತುಂಬಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡಬಾರದು ಅಂತ ಆದೇಶ ಮಾಡಿತು. ಅದನ್ನು ಕೆಲವು ವರ್ಷಕ್ಕೊಮ್ಮೆ ಕಡಿಯೋದಕ್ಕೇ ಬೆಳೆಸೋದು. ಪೊಟರೆ ಆಗೋಷ್ಟು ಕಾಲ ಅದು ನಿಲ್ಲಲ್ಲ, ದನ ಮಲಗೋಷ್ಟು ನೆರಳೂ ಕೊಡಲ್ಲ.

ತೋಪಿನಲ್ಲಿ ಶಾಲೆ, ಅಂಗನವಾಡಿ, ನೀರಿನ ಟ್ಯಾಂಕ್ ಕಟ್ಟೋದು ಊರಿಗೆ ಒಳ್ಳೆಯದೇ ಅಲ್ವಾ?

ಊರಿಗೆ ಅವೆಲ್ಲ ಬೇಕು. ಆದರೆ ಸರ್ಕಾರಿ ಜಾಗ ಅಂದ ಕೂಡಲೇ ತೋಪಿನ ಕಡೆಯೇ ಬೆರಳು ಯಾಕೆ ಹೋಗುತ್ತೆ? ನಮ್ಮಲ್ಲೂ ಹಾಗೇ ಆಯಿತು. ಒಂದು ಕಟ್ಟಡಕ್ಕೆ ಮೂಲೆ ಸಾಕು ಅಂದರು. ಆಮೇಲೆ ಅದಕ್ಕೆ ದಾರಿ, ದಾರಿಗೆ ಕಾಂಪೌಂಡು, ಕಾಂಪೌಂಡಿಗೆ ಮುಂದೆ ಅಂಗಡಿ. ಹನ್ನೊಂದು ಮರ ಹೋಯಿತು. ಬೇಡ ಅಂತ ಬಾಯಿಬಿಟ್ಟು ಹೇಳಲಿಲ್ಲವಲ್ಲ ಅನ್ನೋ ಸಂಕಟ ನಮಗೆ ಈಗಲೂ ಇದೆ. ಕಟ್ಟಡಕ್ಕೆ ಬೇರೆ ಜಾಗ ಹುಡುಕೋದು ಆಗುವ ಮಾತು. ಗ್ರಾಮಸಭೆಯಲ್ಲಿ ನಕಾಶೆ ಹರಡಿ, ಬೇರೆ ಸರ್ವೆ ನಂಬರ್ ತೋರಿಸಿ ಮಾತಾಡಿ. ಬರೀ ಬೇಡ ಅಂದರೆ ನಿಮ್ಮನ್ನೇ ಊರಿನ ವಿರೋಧಿ ಅಂತಾರೆ.

ಒತ್ತುವರಿ ಆಗಿಹೋಗಿದೆ. ಇನ್ನು ಏನೂ ಮಾಡೋಕೆ ಆಗಲ್ವಾ?

ಆಗುತ್ತೆ. 2011ರ ಜನವರಿ 28ರಂದು ಸುಪ್ರೀಂ ಕೋರ್ಟ್ ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಪಂಜಾಬಿನ ಒಂದು ಹಳ್ಳಿಯ ಕೆರೆ ಜಾಗ ಒತ್ತುವರಿ ಆಗಿದ್ದ ವಿಷಯ. ಊರಿಗೆ ಸೇರಿದ ಜಾಗಗಳನ್ನು ಬಿಡಿಸಿ ಊರಿಗೇ ಕೊಡಬೇಕು ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ತುಂಬಾ ವರ್ಷದಿಂದ ಇದ್ದೇವೆ, ಖರ್ಚು ಮಾಡಿ ಕಟ್ಟಿದ್ದೇವೆ ಅನ್ನೋದು ನೆಪ ಆಗಬಾರದು ಅಂತಲೂ ಹೇಳಿತು. ಅರ್ಜಿ ಬರೆಯುವಾಗ ಇದನ್ನು ಸೇರಿಸಿ ತಹಶೀಲ್ದಾರರಿಗೆ ಕೊಡಿ. ಸ್ವೀಕೃತಿ ಪಡೆಯದೆ ಬರಬೇಡಿ.

ಒಂದು ಮಾತು. ಒತ್ತುವರಿ ಮಾಡಿದವರು ಎಷ್ಟೋ ಸಲ ನಮ್ಮ ಊರವರೇ, ನೆಂಟರೇ. ಗುಡಿಸಲು ಹಾಕಿಕೊಂಡ ಬಡವರು ಬೇರೆ, ಬೇಲಿ ಸರಿಸಿದ ಜಮೀನುದಾರರು ಬೇರೆ. ಬಡವರಿಗೆ ನಿವೇಶನ ಕೊಡಿಸುವ ಅರ್ಜಿಯನ್ನೂ ಜೊತೆಯಲ್ಲೇ ಹಾಕಿ. ನಾವು ಹಾಗೆ ಮಾಡಿದ್ದರಿಂದಲೇ ಊರಲ್ಲಿ ಜಗಳ ಆಗಲಿಲ್ಲ.

ಯಾರೋ ಮರ ಕಡಿಯುತ್ತಿದ್ದಾರೆ, ಈಗಲೇ ಏನು ಮಾಡಲಿ?

ಫೋಟೊ, ವಿಡಿಯೊ ತೆಗೆಯಿರಿ. ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ತೆಂಗು, ಅಡಿಕೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ‘ಅನುಮತಿ ಪತ್ರ ತೋರಿಸಿ’ ಅಂತ ಸಮಾಧಾನವಾಗಿ ಕೇಳಿ. ಒಬ್ಬರೇ ಹೋಗಬೇಡಿ.

ಮರದ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿಸಿದರೆ ಮರಕ್ಕೆ ಭದ್ರ ಅಲ್ವಾ?

ಪ್ರೀತಿಯಿಂದಲೇ ಕಟ್ಟಿಸುತ್ತಾರೆ, ಅದೇ ಬೇಜಾರು. ನೀರು ಕುಡಿಯುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಎರಡು ಅಡಿ ಮಣ್ಣಿನಲ್ಲೇ, ಕೊಂಬೆಯ ನೆರಳಿನ ಆಚೆವರೆಗೂ ಹರಡಿರುತ್ತವೆ. ಅವಕ್ಕೆ ಗಾಳಿಯೂ ಬೇಕು. ಬುಡದವರೆಗೂ ಕಾಂಕ್ರೀಟ್ ಸುರಿದರೆ ನೀರೂ ಇಲ್ಲ, ಗಾಳಿಯೂ ಇಲ್ಲ. ಮರ ಕೂಡಲೇ ಸಾಯಲ್ಲ, ಐದಾರು ವರ್ಷ ಮೇಲಿಂದ ಒಣಗುತ್ತಾ ಬರುತ್ತೆ. ಆಗ ಯಾರಿಗೂ ಕಟ್ಟೆಯ ಮೇಲೆ ಅನುಮಾನವೇ ಬರಲ್ಲ. ಹಳೇ ಕಟ್ಟೆಗಳನ್ನು ನೋಡಿ. ಕಲ್ಲು ಜೋಡಿಸಿ, ಮಣ್ಣು ತುಂಬಿ, ಸಂದಿ ಬಿಟ್ಟಿದ್ದಾರೆ. ಹಾಗೇ ಕಟ್ಟಿಸಿ. ಮೊಳೆ ಹೊಡೆದು ಬೋರ್ಡ್ ಹಾಕೋದು, ಬುಡದಲ್ಲಿ ಕಸ ಸುಡೋದು ಎರಡನ್ನೂ ನಿಲ್ಲಿಸಿ. ಪೊಟರೆ ಇರುವ ಮರಕ್ಕೆ ಬೆಂಕಿ ಹತ್ತಿದರೆ ಒಳಗೇ ಹೊಗೆಯಾಡಿ ಎರಡು ದಿನ ಉರಿಯುತ್ತೆ.

ಟೊಳ್ಳು ಮರ ಬೀಳುತ್ತೆ ಅಂತ ಭಯ. ಕಡಿಸಬೇಕಾ?

ಟೊಳ್ಳಾದ ಕೂಡಲೇ ಬೀಳಲ್ಲ. ಮರದ ಜೀವ ಇರೋದು ತೊಗಟೆ ಕೆಳಗೆ, ನಡುವಿನ ಕಟ್ಟಿಗೆಯಲ್ಲಿ ಅಲ್ಲ. ದಾರಿ ಮೇಲೆ ಬಾಗಿದ ಒಣ ಕೊಂಬೆ ಇದ್ದರೆ ಅದನ್ನು ಮಾತ್ರ ತೆಗೆಸಿ. ಮರದ ರಸ ಹೀರಿ ಬೆಳೆಯುವ ಬದನಿಕೆ ಗಿಡ ಹತ್ತಿದ್ದರೆ ಅದು ಕೂತಿರುವ ರೆಂಬೆಯನ್ನು ಸ್ವಲ್ಪ ಕೆಳಗೆ ಕತ್ತರಿಸಿ ತೆಗೆಯಿರಿ, ಹಳೇ ಮಾವಿಗೆ ಇದರ ಕಾಟ ಜಾಸ್ತಿ.

ಹೊಸದಾಗಿ ಯಾವ ಗಿಡ ನೆಡೋದು, ಹೇಗೆ?

ಇರುವ ಜಾತಿಗಳನ್ನೇ ನೆಡಿ. ನಿಮ್ಮ ತೋಪಿನ ಮರದ ಬೀಜವೇ ಆದರೆ ಇನ್ನೂ ಒಳ್ಳೆಯದು. ಹುಣಸೆ, ಮಾವಿಗೆ ಮೂವತ್ತು ಅಡಿ ಅಂತರ ಬೇಕು, ಆಲಕ್ಕೆ ಅದರ ಎರಡರಷ್ಟು. ಗುಣಿ ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಡಿ, ಒಂದೆರಡು ಹದ ಮಳೆ ಆದ ಮೇಲೆ ನೆಡಿ. ಆಲಕ್ಕೆ ಸಸಿಯೇ ಬೇಕಿಲ್ಲ. ಕೈ ದಪ್ಪದ, ಎಂಟು ಅಡಿ ಉದ್ದದ ಗೂಟ ಮಳೆಗಾಲದಲ್ಲಿ ಹೂತರೆ ಚಿಗುರುತ್ತೆ, ಮೇಕೆ ಬಾಯಿಗೂ ಸಿಗಲ್ಲ. ಉಳಿದವಕ್ಕೆ ಜಾಲಿ ಮುಳ್ಳಿನ ಬೇಲಿ ಕಟ್ಟಿ. ಮೊದಲ ಮೂರು ಬೇಸಿಗೆ ನೀರು ಹಾಕಲೇಬೇಕು.

ಗುಬ್ಬಿ ತಾಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಹುಲಿಕಲ್ಲಿನಿಂದ ಕುದೂರಿನವರೆಗೆ 385 ಆಲದ ಗಿಡ ನೆಟ್ಟು ಬೆಳೆಸಿದರು. ನೆಟ್ಟಿದ್ದಕ್ಕಿಂತ ದೊಡ್ಡದು ಕೊಡದಲ್ಲಿ ನೀರು ಹೊತ್ತಿದ್ದು. ನಾವು ಮೊದಲ ವರ್ಷ ಪರಿಸರ ದಿನಕ್ಕೆ ಅಂತ ಅರವತ್ತು ಸಸಿ ನೆಟ್ಟು ಫೋಟೊ ತೆಗೆಸಿಕೊಂಡೆವು. ಮಾರನೇ ಯುಗಾದಿಗೆ ನಾಲ್ಕು ಉಳಿದಿದ್ದವು. ಈಗ ವರ್ಷಕ್ಕೆ ಆರೇ ನೆಡುತ್ತೇವೆ, ಒಂದೊಂದಕ್ಕೆ ಒಂದು ಮನೆಯವರ ಹೆಸರು. ನೀರು ಹಾಕದಿದ್ದರೆ ಆ ಮನೆಯ ಮಕ್ಕಳನ್ನೇ ಶಾಲೆಯಲ್ಲಿ ಬೇರೆ ಮಕ್ಕಳು ಕೇಳುತ್ತಾರೆ, ‘ನಿಮ್ ಗಿಡ ಯಾಕೋ ಬಾಡಿದೆ?’ ಅಂತ.

ಒಂದು ಆಲ ಎಷ್ಟು ದೊಡ್ಡದಾಗಬಹುದು?

ಗಡಿ ದಾಟಿ ಆಂಧ್ರದ ಕದಿರಿ ಕಡೆ ಹೋದರೆ ತಿಮ್ಮಮ್ಮ ಮರ್ರಿಮಾನು ಇದೆ. ಒಂದೇ ಮರ, ಹತ್ತಿರ ಹತ್ತಿರ ಐದು ಎಕರೆ. 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಬಿಳಲು ನೆಲಕ್ಕೆ ಇಳಿಯೋಕೆ ಬಿಟ್ಟರೆ ಆಲ ನಡೆದುಕೊಂಡು ಹೋಗುತ್ತೆ. ನಮ್ಮಲ್ಲಿ ಬಸ್ಸಿಗೆ ಅಡ್ಡ ಅಂತ ಬಿಳಲನ್ನೇ ಮೊದಲು ಕತ್ತರಿಸುತ್ತೇವೆ.

ನಾನೊಬ್ಬನೇ ಇದ್ದೇನೆ. ಎಲ್ಲಿಂದ ಶುರು ಮಾಡಲಿ?

ಒಂದು ಟೇಪು, ಒಂದು ನೋಟ್‌ಬುಕ್ಕು ತಗೊಂಡು ಭಾನುವಾರ ತೋಪಿಗೆ ಹೋಗಿ. ಪ್ರತಿ ಮರಕ್ಕೂ ಒಂದು ನಂಬರ್ ಕೊಡಿ. ನೆಲದಿಂದ ನಾಲ್ಕೂವರೆ ಅಡಿ ಮೇಲೆ ಸುತ್ತಳತೆ ತೆಗೆಯಿರಿ. ಜಾತಿ, ಪೊಟರೆ ಇದೆಯೋ, ಯಾವ ಹಕ್ಕಿ ಕಂಡಿತು, ಊರಲ್ಲಿ ಆ ಮರಕ್ಕೆ ಏನು ಹೆಸರು, ಎಲ್ಲ ಬರೆಯಿರಿ. ಟೇಪು ಹಿಡಿದು ನಿಂತರೆ ಹತ್ತು ನಿಮಿಷಕ್ಕೆ ಯಾರಾದರೂ ಬಂದು ‘ಏನ್ ಸಾರ್, ರೋಡ್ ಬರುತ್ತಾ?’ ಅಂತ ಕೇಳೇ ಕೇಳುತ್ತಾರೆ. ಇಲ್ಲಪ್ಪ, ಮರ ಎಣಿಸುತ್ತಿದ್ದೇನೆ ಅಂತ ಹೇಳಿ, ಟೇಪಿನ ಆ ತುದಿ ಅವರ ಕೈಗೆ ಕೊಡಿ. ನಮ್ಮ ಏಳೆಂಟು ಜನ ಸೇರಿದ್ದೇ ಹಾಗೆ.

ನಮ್ಮ ನೋಟ್‌ಬುಕ್ಕಿನ ಮೊದಲ ಸಾಲು ಹೀಗಿದೆ: ‘1. ಹುಣಸೆ. ಸುತ್ತಳತೆ 17 ಅಡಿ. ಪೊಟರೆ ಇದೆ. ಹಾಲಕ್ಕಿ 2. ಕರೆಯೋ ಹೆಸರು: ಅಜ್ಜಿ ಮರ.’